ಎಡಗಡೆಯ ಹೊಲಿಗೆ

ಪದ್ಮಾ, ಆರು ವರ್ಷದ ಹಿಂದಿನ ಗೌರಿ ಹಬ್ಬದಲ್ಲಿ ನಿನ್ನ ಮೆರೂನು ರವಿಕೆಯ ಹೊಲಿಗೆ ತಪ್ಪಿರಲಿಲ್ಲ. ತಪ್ಪು ನನ್ನದೇ ಎಂದು ನಾನು ಒಪ್ಪಿಕೊಂಡೆನಲ್ಲ, ಅದೇ ಸುಳ್ಳು. ನಿನ್ನ ಎಡ ಕಂಕುಳ ಕೆಳಗಿನ ಗಂಟು ಆ ದಿನವೇ ನನ್ನ ಬೆರಳಿಗೆ ಸಿಕ್ಕಿತ್ತು. ಅದು ಏನಿರಬಹುದು ಎಂದೂ ನನಗೆ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ.

ಇದನ್ನು ಮೊದಲೇ ಬರೆದುಬಿಟ್ಟೆ. ನನ್ನ ಸ್ವಭಾವ ನಿನಗೆ ಗೊತ್ತು — ಸುತ್ತಿ ಬಳಸಿ ಮಾತಾಡುತ್ತಾ ಕೊನೆಗೆ ಎಲ್ಲವನ್ನೂ ನಿನ್ನ ಮೇಲೇ ಹಾಕಿಬಿಡುತ್ತೇನೆ. ಇಷ್ಟು ಓದಿ ಕಾಗದ ಹರಿದು ಒಲೆಗೆ ಹಾಕಿದರೂ ಸರಿ, ಹೇಳಬೇಕಾದದ್ದು ಹೇಳಿಯಾಯಿತು. ಓದುತ್ತೀ ಎಂದರೆ ಉಳಿದದ್ದನ್ನೂ ಬರೆಯುತ್ತೇನೆ. ನಾನು ಒಳ್ಳೆಯವಳಾಗಿ ಕಾಣುವ ಹಾಗೆ ಬರೆಯುವುದಿಲ್ಲ.

ನೀನು ನನಗೆ ಯಾವತ್ತೂ ಇಷ್ಟವಾಗಲಿಲ್ಲ. ಬೂಕನಕೆರೆಯಿಂದ ನಿಮ್ಮಣ್ಣನ ಕೈ ಹಿಡಿದು ಕಿರಂಗೂರಿನ ಈ ಮನೆಗೆ ಬಂದಾಗ ನನ್ನ ತವರಿನವರು ಒಂದು ಹೊಲಿಗೆ ಮಿಷನ್ನು ಕಳಿಸಿದ್ದರು. ಅದನ್ನು ಗಾಡಿಯಿಂದ ಇಳಿಸುತ್ತಿರುವಾಗಲೇ ನೀನು ಹೊಸ್ತಿಲಲ್ಲಿ ನಿಂತು, "ಅವ್ವಾ, ಸೊಸೆ ಬರ್ತಾಳೆ ಅಂದ್ರೆ ಟೈಲರಮ್ಮ ಬಂದವ್ಳೆ ನೋಡು" ಎಂದು ನಕ್ಕೆ. ಎಲ್ಲರೂ ನಕ್ಕರು. ನಾನೂ ನಕ್ಕೆ — ಹೊಸ ಸೊಸೆ ಇನ್ನೇನು ಮಾಡಬೇಕು. ಆ ನಗುವಿನ ಸಿಟ್ಟು ಇವತ್ತಿಗೂ ಆರಿಲ್ಲ. ಮರು ವರ್ಷ ನಿನ್ನ ಮದುವೆ ನಾಗಮಂಗಲದ ನಿಂಗರಾಜು ಜೊತೆ ಆಯಿತು. ನಿನ್ನನ್ನು ಕಳಿಸಿಕೊಡುವಾಗ ಅತ್ತೆ ಅತ್ತರು, ನಿಮ್ಮಣ್ಣ ಅತ್ತರು. ನಾನು ಸೆರಗು ಕಣ್ಣಿಗೆ ಒತ್ತಿಕೊಂಡು ಒಳಗೊಳಗೇ ಹಾಯಾಗಿದ್ದೆ.

ಆದರೆ ಹೋದವಳು ಹೋಗಿಬಿಡುತ್ತೀಯಾ? ಗೌರಿ ಹಬ್ಬಕ್ಕೆ ಬಂದೆ, ಪಿತೃಪಕ್ಷಕ್ಕೆ ಬಂದೆ, ಮಕ್ಕಳಾದ ಮೇಲೆ ಬೇಸಿಗೆ ರಜೆ ಪೂರ್ತಿ ಬಂದೆ. ಪಾಂಡವಪುರದಲ್ಲಿ ಬಸ್ಸು ಬದಲಿಸಿ, ಎರಡು ಕೈಯಲ್ಲೂ ತೆಂಗಿನಕಾಯಿ ಚೀಲ ಹಿಡಿದು, ಬಾಗಿಲಿಂದಲೇ ಶುರು ಮಾಡುತ್ತಿದ್ದೆ. ಹೊಸ್ತಿಲಿಗೆ ರಂಗೋಲಿ ಸರಿಯಿಲ್ಲ. ತುಳಸಿ ಗಿಡ ಬಾಡಿದೆ. ಸೀದಾ ಅಡುಗೆಮನೆಗೆ ನುಗ್ಗಿ ಸೌಟಿನಿಂದ ಸಾರು ಅಂಗೈಗೆ ಬಿಟ್ಟುಕೊಂಡು ನೆಕ್ಕಿ, "ಉಪ್ಪೇ ಇಲ್ವಲ್ಲ ಅತ್ಗೆ" ಎನ್ನುವುದು. ಒಂದು ಸಲವೂ, ಇಷ್ಟು ವರ್ಷದಲ್ಲಿ ಒಂದೇ ಒಂದು ಸಲವೂ, ಉಪ್ಪು ಸರಿಯಾಗಿದೆ ಎಂದು ನೀನು ಹೇಳಿದ್ದು ನನಗೆ ನೆನಪಿಲ್ಲ.

ಇದರ ಮೇಲೆ ನಿನ್ನ ರವಿಕೆ. ಹಬ್ಬದ ಸೀರೆ ಅಣ್ಣನದು, ರವಿಕೆ ಅತ್ತಿಗೆಯ ಕೈಯದು — ಅತ್ತೆ ಮಾಡಿಟ್ಟ ಪದ್ಧತಿ ಇದು. ಗೌರಿಯ ಮುಂದೆ ಕೂರುವಾಗ ಮನೆಮಗಳ ಮೈಮೇಲೆ ಆ ವರ್ಷ ನಾನು ಹೊಲಿದ ರವಿಕೆಯೇ ಇರಬೇಕು. ಟೇಪು ಹಿಡಿದು ಅಳೆಯುವುದಕ್ಕೆ ನೀನು ಯಾವತ್ತೂ ಬಿಡಲಿಲ್ಲ. ನಿನ್ನದೊಂದು ಅಳತೆ ರವಿಕೆ ಇತ್ತಲ್ಲ, ಮದುವೆಯಲ್ಲಿ ಹೊಲಿಸಿದ ಗಿಳಿಹಸಿರಿನದು — ಅದನ್ನೇ ಪ್ರತಿ ವರ್ಷ ಚೀಲದಿಂದ ತೆಗೆದು ನನ್ನ ಮಿಷನ್ನಿನ ಮೇಲೆ ಎಸೆಯುತ್ತಿದ್ದೆ. ನಾನು ಅದನ್ನು ಹೊಸ ಬಟ್ಟೆಯ ಮೇಲೆ ಹಾಸಿ, ಗೆರೆ ಎಳೆದು, ಕತ್ತರಿಸಬೇಕು. "ಎಲ್ಡ್ ಮಕ್ಳಾದ್ರೂ ನಂದು ಅದೇ ಅಳತೆ ಕಣತ್ಗೆ. ನಿಂದು ವರ್ಷವರ್ಷಕ್ಕೂ ಬೇರೆ" ಎಂದು ನನ್ನ ಸೊಂಟ ನೋಡಿ ಹೇಳುತ್ತಿದ್ದೆ. ಹತ್ತೊಂಬತ್ತು ವರ್ಷ ಆ ಹಸಿರು ರವಿಕೆಯನ್ನು ನೀನು ನಂಬಿದ ಹಾಗೆ ಗೌರಮ್ಮನನ್ನೂ ನಂಬಲಿಲ್ಲ.

ಆ ವರ್ಷಕ್ಕೆ ಬರುತ್ತೇನೆ. ಅತ್ತೆ ತೀರಿಕೊಂಡು ಆಗಷ್ಟೇ ವರ್ಷವಾಗಿತ್ತು. ಮದುವೆಯಾಗಿ ಇಪ್ಪತ್ತು ವರ್ಷದ ಮೇಲೆ ಮೊದಲ ಸಲ ಮನೆ ನನ್ನ ಕೈಗೆ ಬಂದಿತ್ತು. ನಾನು ಎಷ್ಟು ಸಂತೋಷವಾಗಿದ್ದೆ ಎಂದು ಹೇಳಿದರೆ ನಿನಗೆ ಹೊಟ್ಟೆ ಉರಿಯುತ್ತದೆ, ಆದರೂ ಹೇಳುತ್ತೇನೆ. ಕಾಲುವೆ ಕಡೆಯ ಕೋಣೆಯನ್ನು ಖಾಲಿ ಮಾಡಿ ಕಿಟಕಿ ಕೆಳಗೆ ಮಿಷನ್ನು ಇಟ್ಟುಕೊಂಡೆ. ಬೆಳಗ್ಗೆ ಎಲ್ಲರೂ ಗದ್ದೆಗೆ, ಕೆಲಸಕ್ಕೆ ಹೋದ ಮೇಲೆ ಒಂದು ಲೋಟ ಕಾಫಿ ಮಾಡಿಕೊಂಡು ಅಲ್ಲಿ ಕೂತರೆ ಮಧ್ಯಾಹ್ನದವರೆಗೂ ಯಾರೂ ಕೇಳುವವರಿಲ್ಲ. ದಿಂಬಿಗೆ ಚೀಲ ಹೊಲಿದೆ. ಮಿಕ್ಸಿಗೆ ಮುಸುಕು ಹೊಲಿದೆ. ಉಳಿದ ಚಿಂದಿಯಲ್ಲಿ ಕಾಲೊರಸು ಮಾಡಿದೆ. ಅತ್ತೆಯ ಹಳೆಯ ನೂಲಿನ ಸೀರೆಗಳು ಪೆಟ್ಟಿಗೆಯಲ್ಲಿ ಸುಮ್ಮನೆ ಬಿದ್ದಿದ್ದವು — ಅಂಚು ಗಟ್ಟಿ, ಒಡಲು ತೊಳೆದು ತೊಳೆದು ಬೆಣ್ಣೆಯಾಗಿತ್ತು. ಅವನ್ನು ಕತ್ತರಿಸಿ ಎಲ್ಲ ಕಿಟಕಿಗೂ ನೆರಿಗೆ ಹಿಡಿದ ಪರದೆ ಹೊಲಿದೆ. ಕಾಲುವೆಯ ಗಾಳಿಗೆ ಅವು ಉಬ್ಬುವುದನ್ನು ನೋಡುತ್ತಾ ಕೂರುತ್ತಿದ್ದೆ. ಅಷ್ಟೇ ನನ್ನ ಸುಖ, ಅದಕ್ಕಿಂತ ದೊಡ್ಡದು ನಾನು ಕೇಳಿರಲಿಲ್ಲ.

ಹಬ್ಬಕ್ಕೆ ಎರಡು ದಿನ ಮುಂಚೆ ನೀನು ಬಂದೆ. ಚೀಲ ಇಳಿಸುವುದಕ್ಕೂ ಮೊದಲೇ ಪರದೆ ಕಣ್ಣಿಗೆ ಬಿತ್ತು. ಹತ್ತಿರ ಹೋಗಿ ಅಂಚು ಹಿಡಿದು ನೋಡಿದೆ.

"ಅವ್ವನ್ ಸೀರೆನಾ ಕಿಟ್ಕಿಗ್ ನೇತಾಕಿದ್ದೀಯಲ್ಲ. ಕೈ ಎಂಗ್ ಬಂತು ನಿಂಗೆ?"

ಒಂದು ಸೀರೆ ನಿನಗೆ ಬೇಕಿತ್ತೇನೋ — ಕೇಳಬೇಕಿತ್ತು ನಾನು. ಈಗ ಗೊತ್ತಾಗುತ್ತದೆ. ಆವತ್ತು ಗೊತ್ತಾಗಲಿಲ್ಲ, ಗೊತ್ತಾಗಿದ್ದರೂ ಕೇಳುತ್ತಿರಲಿಲ್ಲ. ನನ್ನ ಮನೆ, ನನ್ನ ಕಿಟಕಿ ಎಂದು ಮೈಯೆಲ್ಲ ಉರಿಯಿತು. ಆವತ್ತು ಪೂರ್ತಿ ನಾವಿಬ್ಬರೂ ಪಾತ್ರೆಗಳ ಜೊತೆ ಮಾತಾಡಿದೆವು, ಒಬ್ಬರಿಗೊಬ್ಬರು ಮಾತಾಡಲಿಲ್ಲ.

ಹಬ್ಬದ ಹಿಂದಿನ ದಿನ ಬಾಗಿನದ ಮೊರ ಜೋಡಿಸಲು ಅಕ್ಕಪಕ್ಕದ ಹೆಂಗಸರು ನಡುಮನೆಯಲ್ಲಿ ಕೂತಿದ್ದರು. ಮೆರೂನು ರವಿಕೆ ತೊಟ್ಟುಕೊಂಡು ನೀನು ಅವರೆಲ್ಲರ ಮುಂದೆ ಬಂದು ನಿಂತೆ.

"ಎಡಗಡೆ ಕಚ್ತದೆ. ಕೈ ಎತ್ತಕ್ಕೇ ಆಯ್ತಿಲ್ಲ. ಬೂಕನಕೆರೆ ಕಡೆ ಇಂಗೇನಾ ಹೊಲಿಯೋದು?"

ನನ್ನ ತವರನ್ನು ಎಳೆದೆ. ನಾನು ಬಿಡುತ್ತೇನೆಯೇ? ನಿನಗೆಂದೇ ಇನ್ನೊಂದು ರವಿಕೆಯನ್ನೂ ಅದೇ ಅಳತೆಗೆ ಹೊಲಿದಿಟ್ಟಿದ್ದೆ. ಅದನ್ನೂ ನಿನ್ನ ಹಸಿರು ರವಿಕೆಯನ್ನೂ ತಂದು ನೆಲದ ಮೇಲೆ ಒಂದರ ಮೇಲೊಂದು ಹಾಸಿದೆ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಹೆಂಗಸರು ಬಗ್ಗಿ ನೋಡಿದರು. "ಸರಿಯಾಗೇ ಅದಲ್ಲ ಪದ್ಮ" ಎಂದರು.

"ಅಂಗಾರೆ ನನ್ ಮೈ ಸೊಟ್ಟಗದೆ ಅಂತೀರಾ?"

ಎಲ್ಲರೂ ನಕ್ಕರು. ಈ ಸಲ ನಿನ್ನನ್ನು ನೋಡಿ ನಕ್ಕರು. ಇಪ್ಪತ್ತು ವರ್ಷ ಕಾದಿದ್ದೆ ನಾನು ಆ ನಗುವಿಗೆ. ಮೈ ನಿನ್ನದೇ ಸೊಟ್ಟಗಿದೆ ಎಂದು ತೋರಿಸಿಬಿಡೋಣ ಎಂಬ ಹಟದಿಂದಲೇ ನಿನ್ನನ್ನು ಮಿಷನ್ನಿನ ಕೋಣೆಗೆ ಕರೆದುಕೊಂಡು ಹೋದೆ. ಬಾಗಿಲು ಹಾಕಿದೆ. ಕೈ ಎತ್ತು ಎಂದೆ. ಕಂಕುಳಿಂದ ಸೊಂಟದವರೆಗೆ ಹೊಲಿಗೆಯ ಮೇಲೆ ಬೆರಳು ಎಳೆದೆ.

ಬೆರಳು ನಿಂತಿತು.

ಸಣ್ಣ ನೆಲ್ಲಿಕಾಯಿಯಷ್ಟು. ಗಟ್ಟಿ. ಒತ್ತಿದರೆ ಸರಿಯಲಿಲ್ಲ. ಬಲಗಡೆ ನೋಡಿದೆ, ಇರಲಿಲ್ಲ. ನೋಯುತ್ತದಾ ಎಂದು ಕೇಳಿದೆ.

"ನೋವ್ಯಾಕ್ ಬತ್ತದೆ? ನಿನ್ ಹೊಲಿಗೆ ಕಚ್ತದೆ ಅಷ್ಟೆಯ" ಎಂದೆ ನೀನು.

ನೋವಿಲ್ಲ ಎಂದಾಗಲೇ ನನಗೆ ಗೊತ್ತಾಯಿತು. ಬೂಕನಕೆರೆಯ ನನ್ನ ಚಿಕ್ಕಮ್ಮನಿಗೂ ನೋವಿರಲಿಲ್ಲ. ಎಮ್ಮೆ ಹಾಲು ಕರೆಯುವಾಗ ಕೈಗೆ ಏನೋ ತಾಗುತ್ತದೆ ಎಂದು ವರ್ಷಗಟ್ಟಲೆ ಸುಮ್ಮನಿದ್ದಳು, ಕೊನೆಗೆ ಆಸ್ಪತ್ರೆಗೆ ಹೋದಾಗ ಕೈ ಮೀರಿತ್ತು. ಅವಳಿಗೆ ರವಿಕೆ ತೊಡಿಸುತ್ತಿದ್ದವಳು ನಾನು. ಆ ಗಂಟು ಹೇಗಿರುತ್ತದೆ ಎಂದು ಈ ಊರಿನಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆದ್ದರಿಂದ ಗೊತ್ತಾಗಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ಹೇಳಬೇಕು ಎಂದು ಬಾಯಿ ತೆರೆದೆ. ತೆರೆದೆ ಪದ್ಮಾ, ಅದು ನಿಜ — ಆದರೆ ಅದರಿಂದ ನಿನಗೇನು ಉಪಯೋಗ. ಆ ಒಂದು ಕ್ಷಣದಲ್ಲಿ ನನ್ನ ತಲೆಯಲ್ಲಿ ಓಡಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ. ಈಗ ಹೇಳಿದರೆ ನಾಳೆಯೇ ಮೈಸೂರಿನ ಆಸ್ಪತ್ರೆ. ಮೈಸೂರಿಗೆ ನಾವು ಹತ್ತಿರ, ನಾಗಮಂಗಲ ದೂರ. ಇವಳು ಇಲ್ಲೇ ಉಳಿಯುತ್ತಾಳೆ. ಯಾವ ಕೋಣೆಯಲ್ಲಿ? ಈ ಕೋಣೆಯಲ್ಲಿ. ಮಿಷನ್ನು ಮತ್ತೆ ಮೂಲೆಗೆ. ತಿಂಗಳುಗಟ್ಟಲೆ ಇವಳಿಗೆ ಗಂಜಿ, ಇವಳ ಬಟ್ಟೆ, ಇವಳ ನಾಲಗೆ. ಉಪ್ಪಿಲ್ಲ. ಪರದೆ ಯಾಕೆ. ಕೈ ಹೇಗೆ ಬಂತು. ಸುಮ್ಮನಿದ್ದರೆ — ಹಬ್ಬದ ಮಾರನೇ ದಿನ ಬಸ್ಸು ಹತ್ತುತ್ತಾಳೆ. ಹೋದ ಮೇಲೆ ಫೋನು ಮಾಡಿ ಹೇಳಿದರಾಯಿತು, ಅವರ ಮನೆಯವರು ನೋಡಿಕೊಳ್ಳಲಿ —

ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ಏನಾದರೂ ಸಿಗಬಹುದು ಎಂದು ಆರು ವರ್ಷ ಹುಡುಕಿದೆ. ಸಿಗಲಿಲ್ಲ.

"ತಪ್ಪು ನಂದೇ ಪದ್ಮ. ಎಡಗಡೆ ಜಾಸ್ತಿ ಹಿಡಿದ್ಬುಟ್ಟಿದ್ದೀನಿ. ಬಿಚ್ಚಿ ಸಡಿಲ ಮಾಡ್ಕೊಡ್ತೀನಿ" ಎಂದೆ.

ನಿನ್ನ ಮುಖ ಹೇಗೆ ಅರಳಿತು! ಬಾಗಿಲು ತೆಗೆದು ನಡುಮನೆಯವರಿಗೆಲ್ಲ ಕೇಳುವಂತೆ, "ಒಪ್ಕೊಂಡ್ಳು ಕಣ್ರಮ್ಮಿ, ತಪ್ಪು ಅವ್ಳದೇ ಅಂತೆ" ಎಂದೆ. ಇಪ್ಪತ್ತು ವರ್ಷದಲ್ಲಿ ನಾನು ನಿನಗೆ ಸೋತದ್ದು ಅದೊಂದೇ ಸಲ. ಸೋಲು ಅಷ್ಟು ಸುಲಭವಾಗಿ ಬಂದಾಗ ನಿನಗೆ ಅನುಮಾನ ಬರಬೇಕಿತ್ತು. ನೋಡು, ಮತ್ತೆ ನಿನ್ನ ಮೇಲೆ ಹಾಕುತ್ತಿದ್ದೇನೆ.

ಎರಡೂ ಹೊಸ ರವಿಕೆಗಳ ಒಳಗೆ ಬಿಟ್ಟಿದ್ದ ಬಟ್ಟೆಯನ್ನು ಎಡಗಡೆ ಮಾತ್ರ ಅರ್ಧ ಬೆರಳು ಸಡಿಲ ಬಿಟ್ಟು ಹೊಲಿದೆ. ನೀನು ತೊಟ್ಟು, ಕೈ ಎತ್ತಿ ಇಳಿಸಿ, ಈಗ ಸರಿಹೋಯಿತು ಎಂದೆ. ನೀನು ದೇವಸ್ಥಾನಕ್ಕೆ ಹೋದಾಗ ನಿನ್ನ ಅಳತೆ ರವಿಕೆಯನ್ನೂ ಕೈಗೆ ತೆಗೆದುಕೊಂಡೆ. ಅದರ ಎಡಗಡೆಯನ್ನೂ ಬಿಚ್ಚಿ ಅಷ್ಟೇ ಸಡಿಲ ಮಾಡಿ, ಅದೇ ಹಸಿರು ದಾರದಲ್ಲಿ ಹೊಲಿದು ಮಡಿಸಿಟ್ಟೆ. ಇದನ್ನು ಯಾರೂ ನನಗೆ ಮಾಡು ಎಂದಿರಲಿಲ್ಲ. ನಾಗಮಂಗಲದಲ್ಲಿ ಬೇರೆ ಟೈಲರು ಹೊಲಿದಾಗ ಮತ್ತೆ ಎಡಗಡೆ ಕಚ್ಚಿದರೆ ನನ್ನ ಸುಳ್ಳು ಗೊತ್ತಾಗುತ್ತದಲ್ಲ ಎಂದು ಮಾಡಿದೆ. ನಿನಗೆ ಎಚ್ಚರಿಕೆ ಕೊಡುತ್ತಿದ್ದದ್ದು ಅದೊಂದೇ, ಆ ಬಿಗಿ. ಅದನ್ನೂ ತೆಗೆದುಬಿಟ್ಟೆ.

ನೀನು ಹೊರಟ ದಿನ ನಿನ್ನನ್ನು ಮಣೆಯ ಮೇಲೆ ಕೂರಿಸಿ ಮಡಿಲು ತುಂಬಿದೆ. ಅಕ್ಕಿ, ಕೊಬ್ಬರಿ, ಬೆಲ್ಲ, ಬಳೆ. ನೂರು ವರ್ಷ ಬಾಳು ಎಂದು ಅರಿಶಿನ ಕುಂಕುಮ ಹಚ್ಚಿದೆ. ಗೊತ್ತಿದ್ದೂ ಹಚ್ಚಿದೆ.

ಫೋನು ಮಾಡಿದೆ, ಮಾಡಲಿಲ್ಲ ಎಂದಲ್ಲ. ಬೆರಳಿನ ಮೇಲೆ ಎಣಿಸುವಷ್ಟು ಸಲ. "ರವಿಕೆ ಸರಿಯಾಗಿ ಕೂತದಾ?" ಎಂದು ಕೇಳುತ್ತಿದ್ದೆ. "ಈಗ ಸರಿಯಾಗದೆ" ಎನ್ನುತ್ತಿದ್ದೆ ನೀನು. ನಾನು ಫೋನು ಇಡುತ್ತಿದ್ದೆ. ಇವತ್ತು ಬೇಡ, ಮುಂದಿನ ವಾರ. ದೀಪಾವಳಿ ಕಳೆಯಲಿ. ಸಂಕ್ರಾಂತಿ ಕಳೆಯಲಿ. ಅಷ್ಟು ತಡವಾದ ಮೇಲೆ, ಆವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳುವುದು — ಹೀಗೆ ಒಂದು ಸುಳ್ಳಿಗೆ ಇನ್ನೊಂದು ಒರಗಿಕೊಂಡು ನಿಂತಿತು. ಯುಗಾದಿ ಕಳೆದ ಮೇಲೆ ನೀನೇ ಸ್ನಾನ ಮಾಡುವಾಗ ಕಂಡುಕೊಂಡೆ.

ಮೈಸೂರಿನ ಆಸ್ಪತ್ರೆಯಲ್ಲಿ ಎಡ ಎದೆಯನ್ನು ತೆಗೆದರು. ಇನ್ನಷ್ಟು ಮೊದಲೇ ಬಂದಿದ್ದರೆ ಇಷ್ಟು ತೆಗೆಯಬೇಕಾಗುತ್ತಿರಲಿಲ್ಲವೇನೋ ಎಂದು ಡಾಕ್ಟರು ಹೇಳಿದಾಗ ನಿನ್ನ ಪಕ್ಕದಲ್ಲಿ ನಿಂಗರಾಜು, ನಿಮ್ಮಣ್ಣ, ನಾನು ಮೂವರೂ ನಿಂತಿದ್ದೆವು. ನೀನು ತಿರುಗಿ ನೋಡಿದ್ದು ನಿಂಗರಾಜು ಕಡೆಗೆ.

"ಒಂದೇ ಮನೇಲಿ ಇದ್ಕೊಂಡು, ಒಂದೇ ಆಸಿಗೆಲಿ ಮಲಿಕ್ಕೊಂಡು ನಿಂಗೆ ಗೊತ್ತಾಗ್ಲಿಲ್ವಾ?"

ಅವರು ತಲೆ ತಗ್ಗಿಸಿದರು. ನಾನು ಗೋಡೆ ನೋಡಿದೆ.

ನಾನು ಹೆದರಿದ್ದೆಲ್ಲ ನಡೆಯಿತು. ಐದು ತಿಂಗಳು ನೀನು ಇದೇ ಕೋಣೆಯಲ್ಲಿದ್ದೆ. ಮಿಷನ್ನು ಮೂಲೆಗೆ ಹೋಯಿತು. ಗಂಜಿ ಮಾಡಿದೆ, ವಾಂತಿ ಬಳಿದೆ, ಉದುರಿದ ಕೂದಲು ಗುಡಿಸಿದೆ. ಊರಿನವರು ನನ್ನನ್ನು ಹೊಗಳಿದರು — ಇಂಥ ಅತ್ತಿಗೆ ಯಾರಿಗೆ ಸಿಗುತ್ತಾಳೆ ಎಂದರು. ನಾನು ಬೇಡ ಎನ್ನಲಿಲ್ಲ. ಕೇಳಿಸಿಕೊಂಡೆ. ಗಾಯ ಮಾಗಿದ ಮೇಲೆ ಕಿಟಕಿಯ ಪರದೆಯೊಂದನ್ನು ಇಳಿಸಿ, ಅತ್ತೆಯ ಆ ಬೆಣ್ಣೆಯಂಥ ಬಟ್ಟೆಯನ್ನು ಪದರ ಪದರವಾಗಿ ಮಡಿಸಿ ನಿನ್ನ ರವಿಕೆಯ ಎಡಗಡೆಗೆ ಒಳಗಿಂದ ಹೊಲಿದುಕೊಟ್ಟೆ. ತೊಟ್ಟುಕೊಂಡು ಕನ್ನಡಿ ನೋಡಿ ನೀನು ಅತ್ತುಬಿಟ್ಟೆ. "ಅವ್ವನ್ನ ಎದೆಗ್ ಇಟ್ಬುಟ್ಟೆ ಕಣತ್ಗೆ ನೀನು" ಎಂದೆ. ಗಿಳಿಹಸಿರು ರವಿಕೆಯನ್ನು ನನ್ನ ಕೈಗೆ ಕೊಟ್ಟು, ಇದಿನ್ನು ಯಾಕೆ, ಕೈ ಒರೆಸುವುದಕ್ಕೆ ಇಟ್ಟುಕೋ ಎಂದೆ.

ಆವತ್ತಿನಿಂದ ನೀನು ನನ್ನ ಮೇಲೆ ಒಂದು ದಿನವೂ ಹರಿಹಾಯಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ಸುಮ್ಮನೆ ಉಣ್ಣುತ್ತೀ. ಇದನ್ನು ತಡೆದುಕೊಳ್ಳುವುದು ನನಗೆ ಹಳೆಯ ಜಗಳಕ್ಕಿಂತ ಕಷ್ಟವಾಗಿದೆ. ನೀನು ಕೆಟ್ಟವಳಾಗಿಯೇ ಉಳಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ, ಇದೂ ನಿಜ. ಹಾಗೆಂದು ನಿನ್ನ ಮೇಲೆ ಪ್ರೀತಿ ಉಕ್ಕಿದೆ ಎಂದು ತಿಳಿಯಬೇಡ. ಈಗಲೂ ನೀನು ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಿಗೆ ನನ್ನ ಹಲ್ಲು ಕಚ್ಚಿಕೊಳ್ಳುತ್ತವೆ.

ನಿನ್ನ ಕೋಪವೆಲ್ಲ ಈಗ ಒಬ್ಬರ ಮೇಲೆ. ಐದು ವರ್ಷದಿಂದ ನಿಂಗರಾಜುಗೆ ನೀನು ಒಂದು ಒಳ್ಳೆಯ ಮಾತಾಡಿದ್ದನ್ನು ನಾನು ಕೇಳಿಲ್ಲ. ಹೋದ ಸಲ ನಿನ್ನನ್ನು ಬಿಡಲು ಬಂದವರು ನಮ್ಮ ಹಿತ್ತಲ ಕಲ್ಲಿನ ಮೇಲೆ ಕೂತು, ಬಿಸಿಲಲ್ಲಿ, ಟವೆಲಿನಿಂದ ಮುಖ ಮುಚ್ಚಿಕೊಂಡಿದ್ದರು. ಕಾಫಿ ಕೊಡಲು ಹೋದೆ. "ಅವ್ಳು ಯೋಳದು ಸರಿ ಕಣಕ್ಕ. ನಂಗೆ ಗೊತ್ತಾಗ್ಬೇಕಿತ್ತು" ಎಂದರು. ಲೋಟ ಕೈಗೆ ಕೊಟ್ಟು ಒಳಗೆ ಬಂದೆ. ಆಗಲೂ ಹೇಳಲಿಲ್ಲ.

ಮೊನ್ನೆ ನೀನು ಫೋನಿನಲ್ಲಿ ಹೇಳಿದೆ — "ಈ ಸಲ ಅಬ್ಬಕ್ಕೆ ಬಂದೋಳು ನಾಗಮಂಗಲಕ್ಕೆ ವಾಪಸ್ ಓಗಕ್ಕಿಲ್ಲ ಅತ್ಗೆ. ಅವ್ನ ಮುಖ ನೋಡಕ್ ಆಗಲ್ಲ ನನ್ಗೆ. ನಿನ್ ತಾವೇ ಇದ್ಬುಡ್ತೀನಿ."

ಅದಾದ ಮೇಲೆ ಸುಮ್ಮನಿರಲು ಆಗಲಿಲ್ಲ. ನಿನ್ನೆ ಊಟಕ್ಕೆ ಕೂತಾಗ ನಿಮ್ಮಣ್ಣನಿಗೆ ಎಲ್ಲ ಹೇಳಿದೆ. ಅವರು ತುತ್ತು ತಟ್ಟೆಯಲ್ಲೇ ಬಿಟ್ಟರು. ಬೈಯಲಿಲ್ಲ. ಕೈ ತೊಳೆದು ಬಂದು, "ಬರ್ದು ಕೊಡು. ತಕ್ಕೊಂಡ್ ಓಯ್ತೀನಿ. ನನ್ ಬಾಯಲ್ಲಿ ಯೋಳಕ್ ಆಗಲ್ಲ ಕಣಮ್ಮಿ" ಎಂದರು. ಆಗಿನಿಂದ ನನ್ನ ಮುಖ ನೋಡಿಲ್ಲ. ಈ ಕಾಗದವನ್ನು ಹಬ್ಬಕ್ಕೆ ಕರೆಯಲು ಬರುವಾಗ ತರುವವರು ಅವರೇ.

ನೀನು ಒಂದು ಕೇಳುತ್ತೀ, ನನಗೆ ಗೊತ್ತು — ಆವತ್ತು ನನ್ನನ್ನು ಮನೆಯಿಂದ ಹೊರಗಿಡಲು ಸುಳ್ಳು ಹೇಳಿದೆ, ಇವತ್ತು ಹೊರಗಿಡಲು ನಿಜ ಹೇಳುತ್ತಿದ್ದೀಯಾ ಎಂದು. ನಾನೂ ಅದನ್ನೇ ಕೇಳಿಕೊಂಡೆ. ಇಲ್ಲ ಎಂದು ಆಣೆ ಮಾಡಲು ಹೋದೆ, ಆಗಲಿಲ್ಲ. ಅದಕ್ಕೇ ಇವತ್ತು ಬೆಳಗ್ಗೆ ಕೋಣೆಯಿಂದ ಮಿಷನ್ನನ್ನು ನಾನೇ ಎಳೆದು ನಡುಮನೆಗೆ ತಂದೆ. ಕೋಣೆಯಲ್ಲಿ ನಿನಗೆ ಮಂಚ ಹಾಕಿದ್ದೇನೆ. ಉಳಿದ ಪರದೆಗಳನ್ನೆಲ್ಲ ಇಳಿಸಿ, ಒಗೆದು, ಕಾಗದದ ಜೊತೆ ನಿಮ್ಮಣ್ಣ ತರುವ ಈ ಚೀಲದಲ್ಲೇ ಇಟ್ಟಿದ್ದೇನೆ. ಅವು ನಿನ್ನವು. ಕೇಳದೆ ಕತ್ತರಿಸಿದೆ. ಬಂದು ಇರುವುದಾದರೆ ಇರು, ಎಷ್ಟು ವರ್ಷವಾದರೂ. ಆದರೆ ನಿಂಗರಾಜು ಮೇಲಿನ ಸಿಟ್ಟಿನಿಂದ ಬರಬೇಡ. ಆ ಸಿಟ್ಟು ನನಗೆ ಸೇರಿದ್ದು. ಐದು ವರ್ಷ ಅವರಿಗೆ ಉಣ್ಣಿಸಿದ್ದೇನೆ. ಈ ಕಾಗದವನ್ನು ಮೊದಲು ಅವರ ಕೈಗೆ ಕೊಡು, ಓದಿ ಮುಗಿಸುವವರೆಗೆ ಅವರ ಪಕ್ಕದಲ್ಲಿ ಕೂತಿರು.

ಗಿಳಿಹಸಿರು ರವಿಕೆ ಚೀಲದ ಮೇಲ್ಗಡೆಯೇ ಇದೆ. ಕೈ ಒರೆಸುವುದಕ್ಕೆ ಇಟ್ಟುಕೊಳ್ಳಲಿಲ್ಲ. ಎಡಗಡೆಯನ್ನು ಬೆಳಕಿಗೆ ಹಿಡಿದು ನೋಡು — ಹಳೆಯ ಹೊಲಿಗೆ ಇದ್ದ ಕಡೆ ಸೂಜಿಯ ತೂತುಗಳು ಸಾಲಾಗಿ ಇನ್ನೂ ಇವೆ. ಅದರಾಚೆಗೆ ಅರ್ಧ ಬೆರಳು ಬಿಟ್ಟು ಇರುವುದು ನನ್ನ ಹೊಲಿಗೆ.

ಅಣ್ಣ ತಂದ ಸೀರೆಯ ಜೊತೆ ಈ ವರ್ಷದ ರವಿಕೆ ಬಟ್ಟೆಯೂ ಇದೆ. ಅದನ್ನು ನಾನು ಮುಟ್ಟಿಲ್ಲ. ನಾಗಮಂಗಲದಲ್ಲೇ ಯಾರ ಹತ್ತಿರವಾದರೂ ಹೊಲಿಸಿಕೋ. ಅಳತೆ ರವಿಕೆ ಕೊಡಬೇಡ, ಟೇಪು ಹಿಡಿದು ಅಳೆಯಲಿ. ಅಳೆಯುವಾಗ ಕೈಗೆ ಏನೇ ಸಿಕ್ಕಿದರೂ, ನಿನ್ನ ಮೇಲೆ ಎಷ್ಟೇ ಸಿಟ್ಟಿದ್ದರೂ, ಬಾಯಿ ಬಿಟ್ಟು ಹೇಳುವವಳ ಹತ್ತಿರ ಹೊಲಿಸಿಕೋ.